ಗೆಟಿಸ್‌ಬರ್ಗ್ ಒಂದೇ ಅಲ್ಲ

ಹತ್ತೊಂಬತ್ತನೇ ಶತಮಾನದ ಅಮೆರಿಕದ ಫೋಟೋಗ್ರಾಫರ್ ತಿಮೋತಿ ಓ'ಸಲಿವನ್ ಯುದ್ಧದ ಫೋಟೋ ಬಿಟ್ಟು ಬೇರೇನಾದ್ರೂ ತೆಗೆದಿದ್ದಾನಾ ಅಂತ ಕೇಳಿದ್ದೀರಿ. ಬೇಕಾದಷ್ಟಿವೆ. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಗೆಟಿಸ್‌ಬರ್ಗ್ ರಣರಂಗದ ಹೆಣಗಳ ಚಿತ್ರದಿಂದ ಹೆಸರಾದ, ನಿಜ. ಆದರೆ 1867ರಿಂದ ಸರ್ಕಾರಿ ಸರ್ವೆ ತಂಡಗಳ ಜೊತೆ ಪಶ್ಚಿಮ ಅಮೆರಿಕವೆಲ್ಲ ಸುತ್ತಿದ. ನೆವಾಡಾದ ಬೆಳ್ಳಿ ಗಣಿಗೆ ಇಳಿದು, ಮೆಗ್ನೀಸಿಯಂ ಉರಿಸಿದ ಬೆಳಕಲ್ಲೇ ಕೆಲಸಗಾರರ ಫೋಟೋ ತೆಗೆದ. 1870ರಲ್ಲಿ ಪನಾಮಾ, 1873ರಲ್ಲಿ ಅರಿಜೋನಾದ ಕ್ಯಾನ್ಯನ್ ಡಿ ಶೇ ಕಣಿವೆಯ ಬಂಡೆಯ ಪೊಟರೆಯೊಳಗಿನ ಪಾಳುಮನೆಗಳು.

ನನಗಿಷ್ಟ ನೆವಾಡಾದ ಕಾರ್ಸನ್ ಮರಳುಗಾಡಿನ ಫೋಟೋ: ಹೇಸರಗತ್ತೆ ಕಟ್ಟಿದ ಗಾಡಿ, ಅಲ್ಲಿಂದ ಕ್ಯಾಮೆರಾ ಕಡೆಗೆ ಮರಳಲ್ಲಿ ಹೆಜ್ಜೆಗುರುತು. ಆ ಗಾಡಿಯೇ ಡಾರ್ಕ್‌ರೂಮು! ಗಾಜಿನ ಪ್ಲೇಟಿಗೆ ಬಳಿದ ಕೊಲೋಡಿಯನ್ ಅನ್ನೋ ಅಂಟು ದ್ರಾವಣ ಒಣಗೋದರೊಳಗೆ ಫೋಟೋ ತೆಗೆದು ತೊಳೆದೂ ಆಗಬೇಕು. ಆ ಬಿಸಿಲಲ್ಲಿ ಪುಣ್ಯಾತ್ಮ ಎಷ್ಟು ಓಡಾಡಿರಬೇಡ. ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಲ್ಲಿ ಇವನ ಚಿತ್ರಗಳು ಪುಕ್ಕಟೆ ಸಿಗುತ್ತವೆ, ನೋಡಿ.