ಜಡ್ಜ್ ಬೇಡ, ಫೋಟೋ ಸ್ಟುಡಿಯೋ ಸಾಕು

ನಮಸ್ಕಾರ. ನಿಮ್ಮ 'ಅರ್ಧ ಪಿಂಚಣಿ' ಕತೆ ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮಂಡ್ಯದ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು ಶಿವಲಿಂಗೇಗೌಡರು, 33 ವರ್ಷ ಅವರ ಜೊತೆ ಸಂಸಾರ ಮಾಡಿದ ಜಯಮ್ಮ, ಕೊನೆಗೆ ವಿಚ್ಛೇದನ. ಜಡ್ಜ್ ಸುತ್ತಿಗೆ ಕುಟ್ಟಿ 'ಪಿಂಚಣಿಯಲ್ಲಿ ಅರ್ಧ ಹೆಂಡತಿಗೆ' ಅನ್ನುತ್ತಾರೆ, ಕತೆ ಮುಗಿಯುತ್ತದೆ. ಸುತ್ತಿಗೆ ಹೋಗಲಿ ಬಿಡಿ, ಅದು ಸಿನಿಮಾದ್ದು. ಅರ್ಧ ಎಲ್ಲಿಂದ ಬಂತು? ಇಂಗ್ಲೆಂಡಿನಲ್ಲಾದರೆ 2000ದಿಂದ ಕೋರ್ಟು ಪಿಂಚಣಿಯನ್ನೇ ಒಡೆದು ಹಂಚಬಹುದು. ನಮ್ಮಲ್ಲಿ ಅಂಥ ಕಾನೂನಿಲ್ಲ. ಜಯಮ್ಮ ಕೇಳಬಹುದಾದದ್ದು ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನ ಜೀವನಾಂಶ. ಗಂಡನ ಆದಾಯ ನೋಡುವಾಗ ಪಿಂಚಣಿಯೂ ಲೆಕ್ಕಕ್ಕೆ ಬರುತ್ತದೆ, ಆದರೆ ಇಷ್ಟೇ ಪಾಲು ಅಂತ ಕಾಯ್ದೆಯಲ್ಲಿ ಬರೆದಿಲ್ಲ.

ಇನ್ನೊಂದು. ಮೇಷ್ಟ್ರು ಪಿಂಚಣಿಯ ಮೂರನೇ ಒಂದು ಭಾಗ ಕಮ್ಯುಟೇಶನ್ ಮಾಡಿಸಿ, ಅಂದರೆ ತಿಂಗಳು ತಿಂಗಳು ಬರಬೇಕಾದ್ದನ್ನು ಮೊದಲೇ ಒಟ್ಟಿಗೆ ತೆಗೆದುಕೊಂಡು, ಆ ಇಡಿಗಂಟಿನಲ್ಲಿ ಮನೆ ಮೇಲೆ ಇನ್ನೊಂದು ಮನೆ ಕಟ್ಟಿಸಿದರು ಅಂತ ನೀವೇ ಬರೆದಿದ್ದೀರಿ. ಹಾಗಾದರೆ 15 ವರ್ಷ ಅವರ ಕೈಗೆ ಬರುವುದೇ ಕಮ್ಮಿ. ನಿಮ್ಮ ಜಡ್ಜ್ ಮಾತ್ರ ಪೂರ್ತಿ ಮೊತ್ತಕ್ಕೆ ಅರ್ಧ ಹಾಕಿದ್ದಾರೆ. ಆ ಮೇಲ್ಮನೆ ಬಾಡಿಗೆ ಯಾರಿಗೆ? ಜಯಮ್ಮ ಕೇಳುವುದೇ ಇಲ್ಲ. ನಮ್ಮ ಕಡೆ ಹೆಂಗಸರು ಮೊದಲು ಕೇಳುವುದೇ ಅದನ್ನ, ಸ್ವಾಮಿ.

ನಿಜವಾದ ಏಟು ನಿಮ್ಮ ಕಣ್ಣಿಗೆ ಬಿದ್ದಿಲ್ಲ. ನಾಳೆ ಮೇಷ್ಟ್ರು ತೀರಿಕೊಂಡರೆ ಪಿಂಚಣಿ ಅಲ್ಲಿಗೆ ನಿಂತಿತು. ಕುಟುಂಬ ಪಿಂಚಣಿ ಸಿಗುವುದು ಹೆಂಡತಿಗೆ, ವಿಚ್ಛೇದನ ಆದವಳಿಗಲ್ಲ. ಜೋರಾಗಿರುವ ವಕೀಲರಾಗಿದ್ದರೆ ಪಿಂಚಣಿ ಬಿಟ್ಟು ಆ ಮನೆ ಮೇಲೆ ಕಣ್ಣಿಡುತ್ತಿದ್ದರು, ಯಾಕೆಂದರೆ ಅದೇ 25ನೇ ಕಲಮಿನಲ್ಲಿ ಜೀವನಾಂಶವನ್ನು ಗಂಡನ ಸ್ಥಿರಾಸ್ತಿಯ ಮೇಲೆ ಹೊರಿಸಿ ಭದ್ರ ಮಾಡಿಸಲು ದಾರಿಯಿದೆ.

ಮಾತು ನೋಡಿ. ನಿಮ್ಮ ಜಯಮ್ಮ ವಕೀಲರ ಹತ್ತಿರ 'ನನ್ನ ತ್ಯಾಗದ ಮೌಲ್ಯವನ್ನು ಅಳೆಯುವವರಾರು' ಅನ್ನುತ್ತಾರೆ. ಮಂಡ್ಯದಲ್ಲಿ ಯಾರು ಹೀಗೆ ಮಾತಾಡುತ್ತಾರೆ? 'ನಾ ಕರ್ದ ಹಾಲ್ನ ದುಡ್ಡಲ್ಲೇ ಅವ್ರ ಬಿ.ಎಡ್ ಆಗಿದ್ದು ಕಣಪ್ಪ, ಅದ್ನ ಯಾವ ಎಸ್ಸಾರಲ್ಲಿ ಬರ್ದವ್ರೆ?' ಅಂದರೆ ಸಾಕಲ್ವಾ? (ಎಸ್ಸಾರ್ ಅಂದರೆ ಮೇಷ್ಟ್ರ ಸರ್ವಿಸ್ ರಿಜಿಸ್ಟರ್.)

ಈಗ ನಾಲ್ಕನೇ ಪುಟ. ಪಿಂಚಣಿ ಕಾಗದಕ್ಕೆ ಗಂಡ ಹೆಂಡತಿ ಜೋಡಿ ಫೋಟೋ ಬೇಕು ಅಂತ ಇಬ್ಬರೂ ಸ್ಟುಡಿಯೋಗೆ ಹೋಗುತ್ತಾರೆ, ಡೇರಿಗೆ ಹಾಲು ಹಾಕಿ ಬಂದ ಕೈಯಲ್ಲೇ ಜಯಮ್ಮ ಮೇಷ್ಟ್ರ ಕಾಲರ್ ಸರಿ ಮಾಡುತ್ತಾರೆ, ಹುಡುಗ 'ಸ್ವಲ್ಪ ಹತ್ರ ನಿಂತ್ಕೊಳ್ಳಿ' ಅಂದಾಗ ಇಬ್ಬರೂ ಅಲುಗಾಡುವುದಿಲ್ಲ. ಅಬ್ಬಾ! ಇದನ್ನ ಸುಮ್ನೆ ನಾಲ್ಕು ಸಾಲಿಗೆ ಮುಗಿಸಿದ್ದೀರಲ್ಲ. ಇಲ್ಲಿಂದ ಶುರು ಮಾಡಿ. ಆ ಫೋಟೋ ಇನ್ನೂ ಆಫೀಸಿನ ಫೈಲಿನಲ್ಲೇ ಅಂಟಿಕೊಂಡಿದೆ, ಅವಳ ಹೆಸರು ಮಾತ್ರ ಹೋಗಬೇಕು. ಕೋರ್ಟ್ ಸೀನು ಪೂರ್ತಿ ತೆಗೆದರೂ ನನಗೆ ಬೇಜಾರಿಲ್ಲ.

ತಿದ್ದಿ ಕಳಿಸಿ. ಮತ್ತೆ ಆ ಹಳೇ 'ನುಡಿ' ಫಾಂಟಿನ ಫೈಲ್ ಬೇಡ, ಇಲ್ಲಿ ತೆರೆದರೆ ಅರ್ಧ ಒತ್ತಕ್ಷರ ಹಾರಿಹೋಗುತ್ತವೆ. ಯೂನಿಕೋಡ್‌ನಲ್ಲಿ ಕಳಿಸಿ.