ಓದುಗರ ಪ್ರಶ್ನೆ: ಸಮೀಕ್ಷೆಯಲ್ಲಿ ಎಐಗೆ ಎಷ್ಟು ಸಲಿಗೆ ಕೊಡಬೇಕು?

ಪ್ರಶ್ನೆ: ನಮ್ಮ ಬಡಾವಣೆಯ 300 ಮನೆಗಳಿಗೆ ಮೊಬೈಲ್‌ನಲ್ಲಿ ನೀರಿನ ಸಮೀಕ್ಷೆ ಕಳಿಸಬೇಕೆಂದಿದ್ದೇವೆ. 2024ರಲ್ಲಿ ಬೆಂಗಳೂರಿನ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾದ ಮೇಲೆ ಕೆಲವರಿಗೆ ಸಂಪರ್ಕ ಸಿಕ್ಕಿದೆ, ಉಳಿದವರದು ಬೋರ್‌ವೆಲ್ ಇಲ್ಲವೇ ಟ್ಯಾಂಕರ್. ಒಬ್ಬೊಬ್ಬರ ಉತ್ತರ ನೋಡಿ ಎಐಯೇ ಮುಂದಿನ ಪ್ರಶ್ನೆ ಕೇಳುವಂತೆ ಮಾಡಬಹುದೇ?
– ಓದುಗರೊಬ್ಬರು, ಮಹದೇವಪುರ

ಉತ್ತರ: ಮಾಡಬಹುದು, ಆದರೆ ಇಡೀ ಸಮೀಕ್ಷೆಯನ್ನು ಅದರ ಕೈಗೆ ಕೊಡಬೇಡಿ. ನೀರು ಎಲ್ಲಿಂದ, ವಾರಕ್ಕೆ ಎಷ್ಟು ಸಲ, ತಿಂಗಳಿಗೆ ಎಷ್ಟು ಖರ್ಚು, ಮನೆಯಲ್ಲಿ ಎಷ್ಟು ಜನ – ಹೀಗೆ ಲೆಕ್ಕಕ್ಕೆ ಬೇಕಾದ ಎಂಟು ಹತ್ತು ಪ್ರಶ್ನೆಗಳು ಎಲ್ಲರಿಗೂ ಅದೇ ಮಾತಿನಲ್ಲಿ, ಅದೇ ಕ್ರಮದಲ್ಲಿ ಮೊದಲೇ ಹೋಗಲಿ. ಟ್ಯಾಂಕರ್ ತರಿಸದವರಿಗೆ ಟ್ಯಾಂಕರ್ ಪ್ರಶ್ನೆ ಹಾರಿಸಲು ಎಐ ಬೇಕಿಲ್ಲ. ಗೂಗಲ್ ಫಾರ್ಮ್ಸ್‌ನಲ್ಲಿ ಉತ್ತರದ ಮೇಲೆ ಬೇರೆ ವಿಭಾಗಕ್ಕೆ ಕಳಿಸಬಹುದು. ಕೋಬೋಟೂಲ್‌ಬಾಕ್ಸ್ ಎಂಬ ಸಮೀಕ್ಷೆಯ ತಂತ್ರಾಂಶದಲ್ಲಿ ಇದೇ ಕೆಲಸ ನೆಟ್ ಇಲ್ಲದೆಯೂ ನಡೆಯುತ್ತದೆ.

ಎಐ ಉಪಯೋಗಕ್ಕೆ ಬರುವುದು ಜನ ತಮ್ಮ ಮಾತಲ್ಲಿ ಬರೆಯುವ ಕಡೆ. ‘ವಾರಕ್ಕೆ ಎರಡು ಸಲ ಬರುತ್ತೆ, ಸಾಕಾಗಲ್ಲ’ ಎಂದು ಯಾರೋ ಬರೆದರು ಅನ್ನಿ. ಬರುವುದು ಕಾವೇರಿಯೋ ಟ್ಯಾಂಕರೋ? ಸಂಪು ಚಿಕ್ಕದೋ, ನೀರು ಬಿಡುವ ಹೊತ್ತೇ ಕಡಿಮೆಯೋ? ಮಾಮೂಲಿ ಫಾರ್ಮ್ ಅಷ್ಟಕ್ಕೇ ಬಿಟ್ಟು ಮುಂದೆ ಹೋಗುತ್ತದೆ, ಎಐ ಅಲ್ಲೇ ನಿಂತು ಕೇಳಬಲ್ಲದು. ಒಬ್ಬರಿಗೆ ಹೆಚ್ಚೆಂದರೆ ಎರಡು ಮರುಪ್ರಶ್ನೆ ಇಡಿ, ಅದಕ್ಕಿಂತ ಜಾಸ್ತಿಯಾದರೆ ಜನ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ.

ಅದಕ್ಕೆ ಕೊಡುವ ಸೂಚನೆ ಬಿಗಿಯಾಗಿರಲಿ: ಒಂದು ಸಲಕ್ಕೆ ಒಂದೇ ವಿಷಯ, 12 ಪದದೊಳಗೆ, ಸಮಾಧಾನ, ಸಲಹೆ ಬೇಡ, ಉತ್ತರ ಸ್ಪಷ್ಟವಿದ್ದರೆ ಏನೂ ಕೇಳಬೇಡ, ಅವರು ಬಳಸದ ಬೈಗುಳ, ಹೊಗಳಿಕೆ ನೀನು ಬಳಸಬೇಡ. ಈ ಕೊನೆಯದನ್ನು ಮರೆತರೆ ಕೆಟ್ಟಿತು. ‘ಟ್ಯಾಂಕರ್ ರೇಟು ಜಾಸ್ತಿ’ ಎಂದಷ್ಟೇ ಬರೆದವರಿಗೆ ‘ಟ್ಯಾಂಕರ್‌ನವರ ಸುಲಿಗೆಯಿಂದ ಎಷ್ಟು ತೊಂದರೆಯಾಗಿದೆ?’ ಎಂದು ಕೇಳಿಬಿಡುತ್ತದೆ. ಬರುವ ಉತ್ತರ ಆಮೇಲೆ ಅವರದಲ್ಲ, ಎಐಯದು. ‘ಒಂದು ಟ್ಯಾಂಕರ್‌ಗೆ ಎಷ್ಟು ಕೊಡ್ತೀರಿ?’ ಎಂದರೆ ಸಾಕು.

ಎಐ ಮಾತು ಸಲ ಸಲಕ್ಕೆ ಎಷ್ಟು ಬದಲಾಗಬಹುದೆಂದು ಗೊತ್ತುಮಾಡುವ ‘ಟೆಂಪರೇಚರ್’ ಎಂಬ ಸೆಟ್ಟಿಂಗನ್ನು ಸೊನ್ನೆಗೆ ಇಡಿ. ಆಗಲೂ ಪ್ರತಿ ಸಲ ಅದೇ ವಾಕ್ಯ ಬರುವ ಖಾತ್ರಿಯಿಲ್ಲ, ಹಾಗಾಗಿ ಕೇಳಿದ ಮರುಪ್ರಶ್ನೆಯನ್ನೂ ಉತ್ತರದ ಪಕ್ಕದ ಕಾಲಂನಲ್ಲಿ ಉಳಿಸಿ. ಐದು ಸೆಕೆಂಡಿನಲ್ಲಿ ಎಐ ಮಾತಾಡದಿದ್ದರೆ ‘ಸ್ವಲ್ಪ ಬಿಡಿಸಿ ಹೇಳ್ತೀರಾ?’ ಎಂಬ ಸಿದ್ಧ ಪ್ರಶ್ನೆ ಹೋಗಲಿ. ಮೊದಲು 20–30 ಮನೆಗಳಲ್ಲಿ ಪರೀಕ್ಷಿಸಿ, ಒಂದೊಂದು ಮರುಪ್ರಶ್ನೆಯನ್ನೂ ಕೂತು ಓದಿ. ಬೇಜಾರಿನ ಕೆಲಸವೇ, ಆದರೆ ಬೇರೆ ದಾರಿಯಿಲ್ಲ.

ವರದಿ ಬರೆಯುವಾಗ ಇನ್ನೊಂದು ಎಡವಟ್ಟು ಕಾದಿರುತ್ತದೆ. ಸಂಪಿನ ವಿಷಯ ಎಐ ಕೇಳಿದ್ದು 60 ಜನರನ್ನು, ಅವರಲ್ಲಿ 45 ಮಂದಿ ಚಿಕ್ಕದೆಂದರು ಎನ್ನೋಣ. ‘ಬಡಾವಣೆಯ ಶೇ 75 ಮನೆಗಳಲ್ಲಿ ಸಂಪು ಚಿಕ್ಕದು’ ಎಂದು ಬರೆಯುವಂತಿಲ್ಲ, ಉಳಿದ 240 ಮನೆಗಳನ್ನು ಯಾರೂ ಕೇಳಿಯೇ ಇಲ್ಲ. ಮರುಪ್ರಶ್ನೆಗಳಿಂದ ಕಾರಣ ತಿಳಿದುಕೊಳ್ಳಿ, ಶೇಕಡಾವಾರು ತೆಗೆಯಬೇಡಿ.

ಪ್ರಶ್ನೆ: ವಿದೇಶದಲ್ಲಿ ಸ್ನಾತಕೋತ್ತರ ಓದಲು ಬರೆಯುವ ಜಿಆರ್‌ಇ ಪರೀಕ್ಷೆಯೂ ಅಭ್ಯರ್ಥಿಗೆ ತಕ್ಕಂತೆ ಬದಲಾಗುತ್ತದಲ್ಲ, ಅದೂ ಇದೇ ತಂತ್ರವೇ?
– ವಿದ್ಯಾರ್ಥಿನಿ, ವಿಜಯನಗರ

ಉತ್ತರ: ಅಲ್ಲ. ಅಲ್ಲಿ ಮೊದಲ ಭಾಗ ಹೇಗೆ ಮಾಡಿದಿರಿ ಎಂಬುದರ ಮೇಲೆ ಎರಡನೇ ಭಾಗದ ಕಷ್ಟ ನಿಗದಿಯಾಗುತ್ತದೆ. ಪ್ರಶ್ನೆಗಳನ್ನು ಮೊದಲೇ ಬರೆದು, ಬಹಳ ಮಂದಿಯ ಮೇಲೆ ಪರೀಕ್ಷಿಸಿ, ಒಂದೊಂದರ ಕಷ್ಟವನ್ನು ಅಳೆದಿಟ್ಟಿರುತ್ತಾರೆ. ಹೊಸ ಪ್ರಶ್ನೆ ಆ ಕ್ಷಣಕ್ಕೆ ಹುಟ್ಟುವುದಿಲ್ಲ.

ಪ್ರಶ್ನೆ: ಎಐ ಕೇಳುವ ಕನ್ನಡ ಸರ್ಕಾರಿ ಸುತ್ತೋಲೆಯಂತಿದೆ. ಸರಿಪಡಿಸುವುದು ಹೇಗೆ? ಮನೆಯವರ ಮಾಹಿತಿ ಎಐ ಕಂಪನಿಗೆ ಹೋಗುವುದಿಲ್ಲವೇ?
– ಅಸೋಸಿಯೇಷನ್ ಕಾರ್ಯದರ್ಶಿ, ಬನಶಂಕರಿ

ಉತ್ತರ: ‘ಆಡುಭಾಷೆಯಲ್ಲಿ ಕೇಳು’ ಎಂದರೆ ಸಾಲದು, ನಾಲ್ಕೈದು ಮಾದರಿ ಪ್ರಶ್ನೆ ನೀವೇ ಬರೆದುಕೊಡಿ. ‘ಜಲ ಸರಬರಾಜಿನ ವ್ಯತ್ಯಯ’ ಹೋಗಿ ‘ನೀರು ಯಾವಾಗ ಬಿಡ್ತಾರೆ?’ ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರೇ ಬಹಳ, ಅಂಥ ಉತ್ತರಗಳನ್ನೂ ಮಾದರಿಯಲ್ಲಿ ಸೇರಿಸಿ.

ಮಾಹಿತಿ ಹೋಗುತ್ತದೆ, ಅದಕ್ಕೇ ಹೆಸರು, ಫ್ಲಾಟ್ ನಂಬರ್, ಫೋನ್ ನಂಬರನ್ನು ನಿಮ್ಮ ಶೀಟಿನಲ್ಲೇ ಇಟ್ಟುಕೊಂಡು ಎಐಗೆ ಉತ್ತರವನ್ನಷ್ಟೇ ಕಳಿಸಿ. ‘ನಾವು ಮೂರನೇ ಮಹಡಿ ಕೊನೇ ಮನೆಯವರು’ ಎಂದು ಉತ್ತರದೊಳಗೇ ಬರೆಯುವವರೂ ಇರುತ್ತಾರೆ, ಬರೆಯುವ ಜಾಗದ ಮೇಲೆಯೇ ‘ಹೆಸರು, ಮನೆ ನಂಬರ್ ಬೇಡ’ ಎಂದು ಹಾಕಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಪ್ರಶ್ನೆ ಕೇಳುತ್ತಿರುವುದು ಯಂತ್ರ ಎಂಬುದನ್ನೂ ಆ ಸೂಚನೆಯಲ್ಲೇ ಹೇಳಿಬಿಡಿ.