ನೂಲು–ಕತ್ತರಿ: ಓದುಗರ ಪ್ರಶ್ನೆಗಳಿಗೆ ದರ್ಜಿಯ ಉತ್ತರ

ಪ್ರ: ಹಳೆಯ ಇಂಗ್ಲಿಷ್ ಚಿತ್ರಪಟಗಳಲ್ಲಿ ಕುದುರೆ ಏರಿ ನರಿ ಬೇಟೆಗೆ ಹೊರಟವರೆಲ್ಲ ಕಡುಗೆಂಪು ಕೋಟು ತೊಟ್ಟಿರುತ್ತಾರೆ. ಬೇಟೆಗೆ ಹೋಗುವವರು ಕಣ್ಣಿಗೆ ಬೀಳದ ಬಣ್ಣ ತೊಡಬೇಕಲ್ಲವೇ? ಇದು ಬರೀ ಶ್ರೀಮಂತರ ಷೋಕಿಯೇ?
– ಓದುಗರೊಬ್ಬರು, ಶಿರಸಿ

ಉ: ಷೋಕಿ ಇಲ್ಲವೆನ್ನಲಾರೆ. ಆದರೆ ನಮ್ಮದು ಸವಾರರ ಕೋಟು ಹೊಲಿದು ಬದುಕಿದ ಮನೆ. ಹೊಲಿಗೆ ಬಿಚ್ಚಿ ನೋಡಿದವನಿಗೆ ಅದು ಅಪ್ಪಟ ದುಡಿಮೆಯ ಬಟ್ಟೆ.

ನಮ್ಮಲ್ಲಿ ಬೇಟೆ ಎಂದರೆ ಮರೆಯಲ್ಲಿ ಕೂತು ಹೊಂಚು ಹಾಕುವುದು. ಇಂಗ್ಲೆಂಡಿನ ನರಿ ಬೇಟೆಯಲ್ಲಿ ಹೊಂಚೇ ಇರಲಿಲ್ಲ. ನಾಯಿಗಳ ಹಿಂಡು ವಾಸನೆ ಹಿಡಿದು ಓಡುತ್ತಿತ್ತು, ಹಿಂದೆ ಕುದುರೆಗಳು ಬೇಲಿ, ಹಳ್ಳ ಹಾರುತ್ತ ಹೋಗುತ್ತಿದ್ದವು. ನವೆಂಬರಿನ ಮಬ್ಬಿನಲ್ಲಿ ನಾಯಿಗಳನ್ನು ನಡೆಸುವವನು ಎಲ್ಲಿದ್ದಾನೆಂದು ಹೊಲದಾಚೆಯಿಂದಲೇ ಗೊತ್ತಾಗಬೇಕಿತ್ತು. ಆ ಕೆಲಸಕ್ಕೆ ಕೆಂಪು ಚೆನ್ನಾಗಿ ಒದಗುತ್ತಿತ್ತು.

ಎಲ್ಲರೂ ಕೆಂಪು ತೊಡುವುದಿಲ್ಲ. ಅದು ತಂಡದ ಮುಖ್ಯಸ್ಥರಿಗೆ, ಸಿಬ್ಬಂದಿಗೆ, ಮುಖ್ಯಸ್ಥರು ಮೆಚ್ಚಿ ತಂಡದ ಗುರುತಿನ ಕೋಟುಗುಂಡಿ ಕೊಟ್ಟ ಗಂಡಸರಿಗೆ. ಹೆಂಗಸರೂ ಉಳಿದವರೂ ಹೆಚ್ಚಾಗಿ ಕಪ್ಪು ಇಲ್ಲವೇ ಕಡುನೀಲಿ. ಬ್ಯೂಫರ್ಟ್ ತಂಡದ ಸಿಬ್ಬಂದಿಯದಂತೂ ಹಸಿರು ಕೋಟು. ಎದೆಯ ಗುಂಡಿಗಳಿಂದಲೂ ಯಾರೆಂದು ತಿಳಿಯಬಹುದು: ವಾಡಿಕೆಯಲ್ಲಿ ಸದಸ್ಯರಿಗೆ 3, ಮುಖ್ಯಸ್ಥರಿಗೆ 4, ಸಿಬ್ಬಂದಿಗೆ 5.

ಇನ್ನು ಬಟ್ಟೆ. ಲೆಸ್ಟರ್‌ಶೈರಿನ ಮೆಲ್ಟನ್ ಮೋಬ್ರೆ ಊರಿನ ಹೆಸರು ಹೊತ್ತ ಮೆಲ್ಟನ್ ಉಣ್ಣೆ ಅದು. ನೇಯ್ದ ಮೇಲೆ ನೆನೆಸಿ, ಬಡಿದು, ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಮಾಡಿ, ಮೇಲಿನ ಜುಂಗನ್ನು ಕತ್ತರಿಸುತ್ತಾರೆ. ನಮ್ಮ ಕುರುಬರ ಕಂಬಳಿಯಂತೆಯೇ ಇದೂ ಮಳೆಯನ್ನು ಬೇಗ ಒಳಗೆ ಬಿಡುವುದಿಲ್ಲ. ಮುಳ್ಳುಬೇಲಿಗೂ ಸುಲಭಕ್ಕೆ ಹರಿಯುವುದಿಲ್ಲ. ಕತ್ತರಿಸಿದ ಅಂಚಿನಿಂದ ಎಳೆ ಬಿಟ್ಟುಕೊಳ್ಳುವುದಿಲ್ಲವಾದ್ದರಿಂದ ದರ್ಜಿಗೆ ಅದರ ಮೇಲೆ ಕತ್ತರಿ ಆಡಿಸುವುದೇ ಒಂದು ಸುಖ. ಕೋಟಿನ ಕೆಳಭಾಗ ತೊಡೆಯ ಮೇಲೆ ಹರಡಿಕೊಳ್ಳುವಂತೆ ಅಗಲವಾಗಿ ಬಿಡಬೇಕು. ದಿನವಿಡೀ ಮಳೆಯಲ್ಲಿ ಕೂತವನಿಗೆ ಮೊದಲು ಒದ್ದೆಯಾಗುವುದು ತೊಡೆ.

ನನಗೆ ಬಹಳ ಹಿಡಿಸುವುದು ಕೊರಳಿನ ಬಿಳಿ ಪಟ್ಟಿ, 'ಸ್ಟಾಕ್'. ಅಲಂಕಾರ ಅನ್ನಿಸುತ್ತದೆ, ಅಲ್ಲವೇ? ಸವಾರ ಬಿದ್ದು ಕೈ ಮುರಿದರೆ ಅದನ್ನೇ ಬಿಚ್ಚಿ ಜೋಳಿಗೆ ಕಟ್ಟುತ್ತಾರೆ. ಕುದುರೆಯ ಕಾಲಿಗೆ ಗಾಯವಾದರೆ ಅದೇ ಪಟ್ಟಿ. ಅದರ ಪಿನ್ನನ್ನು ಅಡ್ಡಡ್ಡ ಚುಚ್ಚಬೇಕು. ಉದ್ದುದ್ದ ಚುಚ್ಚಿದರೆ ಬಿದ್ದಾಗ ಗಂಟಲಿಗೇ ನಾಟಬಹುದು.

ಹೆಂಗಸರ ಉಡುಪಿನ ಕಥೆ ಇನ್ನೂ ಗಂಭೀರ. ಎರಡೂ ಕಾಲು ಒಂದೇ ಬದಿಗೆ ಹಾಕಿ ಕೂರುತ್ತಿದ್ದ ಕಾಲದಲ್ಲಿ ಉದ್ದ ಲಂಗ ಜೀನಿನ ಕೊಂಬಿಗೆ ಸಿಕ್ಕಿಕೊಳ್ಳುತ್ತಿತ್ತು. ಬಿದ್ದವಳನ್ನು ಕುದುರೆ ಎಳೆದುಕೊಂಡು ಹೋಗುತ್ತಿತ್ತು, ಜೀವಗಳು ಹೋದವು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ದರ್ಜಿಗಳು ಸುರಕ್ಷಿತ ಲಂಗ ತಂದರು. ಅದು ಬೆಳೆಯುತ್ತ ಬಂದು, ಹಿಂದೆ ತೆರೆದಿರುವ ಏಪ್ರನ್ ಆಯಿತು. ಒಳಗೆ ಬ್ರೀಚಸ್ ಎಂಬ ಸವಾರಿಯ ಗಿಡ್ಡ ಷರಾಯಿ, ಕುದುರೆಯ ಮೇಲೆ ಕೂತಾಗ ಮಾತ್ರ ಲಂಗದ ನೋಟ. ಕತ್ತರಿಯ ಒಂದು ತಿರುವಿನಿಂದ ಜೀವ ಉಳಿಸಿದ ಆ ದರ್ಜಿಗಳ ಬಗ್ಗೆ ನನಗೆ ದೊಡ್ಡ ಗೌರವವಿದೆ.

ನಾಯಿಗಳನ್ನು ಬಿಟ್ಟು ನರಿ ಬೇಟೆಯಾಡುವುದನ್ನು ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 2004ರ ಕಾಯ್ದೆ ನಿಷೇಧಿಸಿತು. 2005ರ ಫೆಬ್ರವರಿಯಲ್ಲಿ ಅದು ಜಾರಿಗೆ ಬಂತು. ಆಮೇಲೆ ತಂಡಗಳು ಮೊದಲೇ ಎಳೆದಿಟ್ಟ ವಾಸನೆಯ ಜಾಡು ಹಿಡಿಯುತ್ತೇವೆ ಎಂದು ಅದೇ ಉಡುಪಿನಲ್ಲಿ ಹೊರಟವು. ಪ್ರಾಣಿಯನ್ನು ನಾಯಿಗಳ ಬಾಯಿಗೆ ಕೊಡುವುದನ್ನು ತಡೆದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಹೊಲಿಗೆಯ ವಿದ್ಯೆ ಉಳಿಯಲಿ.

ಪ್ರ: ನಮ್ಮ ಪಕ್ಕದ ಊಟಿಯಲ್ಲೂ ಇಂಥ ಬೇಟೆ ಇತ್ತೆಂದು ಕೇಳಿದ್ದೇನೆ. ನಿಜವೇ?
– ಓದುಗರೊಬ್ಬರು, ಗುಂಡ್ಲುಪೇಟೆ

ಉ: ನಿಜ. 19ನೇ ಶತಮಾನದಲ್ಲಿ ಬ್ರಿಟಿಷರು ವೆನ್‌ಲಾಕ್ ಡೌನ್ಸ್ ಹುಲ್ಲುಗಾವಲಿನಲ್ಲಿ ನಾಯಿಗಳ ಹಿಂಡಿನೊಡನೆ ಸವಾರಿ ಹೋಗುತ್ತಿದ್ದರು. ಬೆನ್ನಟ್ಟುತ್ತಿದ್ದದ್ದು ಗುಳ್ಳೆನರಿಯನ್ನು, ಕೋಟು ಮಾತ್ರ ಅದೇ ಕೆಂಪು. ಬೆಟ್ಟದ ಚಳಿಗೆ ಆ ಉಣ್ಣೆ ಹೊಂದುತ್ತಿತ್ತು. ನಮ್ಮ ಬಯಲುಸೀಮೆಯ ಬಿಸಿಲಿಗಾದರೆ ಅದನ್ನು ಹೊಲಿಯಲು ನಾನು ಒಪ್ಪುತ್ತಿರಲಿಲ್ಲ.

ಪ್ರ: ಮಗಳನ್ನು ಕುದುರೆ ಸವಾರಿ ತರಗತಿಗೆ ಸೇರಿಸಿದ್ದೇವೆ. ಜೋಧ್‌ಪುರಿ ಪ್ಯಾಂಟು ತನ್ನಿ ಎಂದರು, ಅಂಗಡಿಯವರು ಬ್ರೀಚಸ್ ತೋರಿಸಿದರು. ಯಾವುದು ಕೊಳ್ಳಲಿ?
– ತಾಯಿಯೊಬ್ಬರು, ಮೈಸೂರು

ಉ: ಜೋಧ್‌ಪುರಿಯನ್ನೇ ಕೊಳ್ಳಿ, ತಾಯಿ. ಬ್ರೀಚಸ್ ಮೀನಖಂಡದ ಹತ್ತಿರ ಮುಗಿಯುತ್ತದೆ, ಮೊಣಕಾಲುದ್ದದ ಬೂಟು ಬೇಕೇ ಬೇಕು. ಜೋಧ್‌ಪುರಿ ಕಣಕಾಲಿನವರೆಗೆ ಬರುವುದರಿಂದ ಗಿಡ್ಡ ಬೂಟು ಸಾಕು. 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವಕ್ಕೆ ಹೋದ ಜೋಧ್‌ಪುರದ ಸರ್ ಪ್ರತಾಪ್ ಸಿಂಗ್ ಅವರಿಂದ ಇದು ಇಂಗ್ಲೆಂಡಿನಲ್ಲಿ ಹೆಸರಾಯಿತು. ಅಲ್ಲಿನ ಬೇಟೆ ತಂಡಗಳಲ್ಲೂ ಮಕ್ಕಳಿಗೆ ಒರಟು ಟ್ವೀಡ್ ಕೋಟು, ಜೋಧ್‌ಪುರಿ, ಗಿಡ್ಡ ಬೂಟು. ಬೆಳೆಯುವ ಮಗುವಿಗೆ ಉದ್ದ ಬೂಟು ಕೊಂಡರೆ ಬರುವ ವರ್ಷ ಕಾಲಿಗೆ ಹತ್ತುವುದಿಲ್ಲ. ಕೊಳ್ಳುವಾಗ ಮಗಳನ್ನು ಸ್ಟೂಲಿನ ಎರಡೂ ಬದಿ ಕಾಲು ಹಾಕಿ ಕೂರಿಸಿ. ಮೊಣಕಾಲಿನ ಒಳಬದಿಯಲ್ಲಿ ಹೊಲಿಗೆ ಉಬ್ಬಿ ಕೈಗೆ ತಗುಲಿದರೆ ಬೇಡ. ಅರ್ಧ ಗಂಟೆಯ ಸವಾರಿಗೇ ಚರ್ಮ ಸುಲಿಯುತ್ತದೆ.